ಗರ್ಭಕೋಶದ ಕ್ಷಯ ಮತ್ತು ಬಂಜೆತನ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಸೊಸೆಯ ಕಡೆಗೆ. ನಾಗರ ಕಲ್ಲಿಗೆ ಹಾಲೆರೆಯುವವಳು ಅವಳು. ಅರಳಿಕಟ್ಟೆ ಸುತ್ತುವವಳು ಅವಳು. ಒಪ್ಪೊತ್ತು ಮಾಡಿ ಹರಕೆ ಹೊರುವವಳೂ ಅವಳೇ. ಸೀಮಂತದ ಮನೆಗೆ ಕರೆ ಬಂದಾಗ ಹೋಗುವುದೋ ಬಿಡುವುದೋ ಎಂದು ಅಡಿಗೆಮನೆಯಲ್ಲಿ ನಿಂತು ಯೋಚಿಸಬೇಕಾದವಳೂ ಅವಳೇ. 'ಬಂಜೆ' ಎಂಬ ಎರಡಕ್ಷರದ ಮಾತು ಎಷ್ಟು ಸಲೀಸಾಗಿ ನಮ್ಮ ನಾಲಗೆಯ ಮೇಲೆ ಬರುತ್ತದೆಯೋ, ಅದನ್ನು ಕೇಳಿಸಿಕೊಂಡವಳ ಮನಸ್ಸಿನಿಂದ ಅಷ್ಟು ಸಲೀಸಾಗಿ ಹೋಗುವುದಿಲ್ಲ.

ದೇವರಲ್ಲಿ ನಂಬಿಕೆ ಇಡುವುದನ್ನು ನಾನು ಆಕ್ಷೇಪಿಸುವವಳಲ್ಲ. ಆದರೆ ಹರಕೆ ಹೊತ್ತು ಕಾಯುವ ಆ ವರ್ಷಗಳಲ್ಲಿ ದೇಹದೊಳಗೆ ಒಂದು ರೋಗ ಸದ್ದಿಲ್ಲದೆ ಬೆಳೆಯುತ್ತಿದ್ದರೆ, ಕಳೆದ ಪ್ರತಿಯೊಂದು ವರ್ಷವೂ ಅವಳಿಗೆ ನಷ್ಟವೇ ಸರಿ. ಅಂತಹ ರೋಗಗಳಲ್ಲಿ ಒಂದು ಗರ್ಭಕೋಶದ ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ, ರಕ್ತ ಕಾರುವುದು ಎಂದಷ್ಟೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಅದು ಹೆಂಗಸಿನ ಗರ್ಭಕೋಶಕ್ಕೂ ಅದರ ನಾಳಗಳಿಗೂ ಹೋಗಬಲ್ಲುದು, ಹೋಗಿ ಬಸಿರಿನ ದಾರಿಯನ್ನೇ ಮುಚ್ಚಬಲ್ಲುದು ಎಂಬುದು ಓದಿದವರಲ್ಲಿಯೂ ಎಲ್ಲರಿಗೂ ತಿಳಿದಿಲ್ಲ.

ನಾನು ವೈದ್ಯಶಾಸ್ತ್ರ ಕಲಿತವಳಲ್ಲ; ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ಕಲಾ ವಿಭಾಗದ ವಿದ್ಯಾರ್ಥಿನಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಆದುದರಿಂದ ನೆಂಟರಿಷ್ಟರಲ್ಲಿ ಯಾರಿಗೆ ಆಸ್ಪತ್ರೆಯ ಚೀಟಿ ಕೊಟ್ಟರೂ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಹಾಗೆ ಓದಬೇಕಾಗಿ ಬಂದ ಒಂದು ಚೀಟಿಯಿಂದಲೇ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು. ಪುಸ್ತಕಗಳಿಂದಲೂ ವೈದ್ಯರಿಂದಲೂ ತಿಳಿದುಕೊಂಡುದನ್ನು ಸರಳವಾಗಿ ಹೇಳುವುದಷ್ಟೇ ಈ ಲೇಖನದ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಾಗಿ ಇಟ್ಟುಕೊಳ್ಳತಕ್ಕದ್ದಲ್ಲ. ವೈದ್ಯರ ಬಳಿಗೆ ಹೋಗುವ ದಾರಿಯನ್ನು ತೋರುವ ಕೈಮರ ಮಾತ್ರ.

ಗರ್ಭಕೋಶದ ರಚನೆ

ರೋಗವನ್ನು ಅರಿಯಬೇಕಾದರೆ ಮೊದಲು ಅಂಗವನ್ನು ಅರಿಯಬೇಕು. ಗರ್ಭಕೋಶವು ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ ಇರುವ, ದಪ್ಪ ಸ್ನಾಯುಗಳಿಂದಾದ ಒಂದು ಚೀಲ. ಮಕ್ಕಳಾಗದ ಹೆಂಗಸಿನಲ್ಲಿ ಅದರ ಉದ್ದ ಸುಮಾರು ೭.೫ ಸೆಂಟಿಮೀಟರ್, ಅಗಲ ೫ ಸೆಂಟಿಮೀಟರ್, ದಪ್ಪ ೨.೫ ಸೆಂಟಿಮೀಟರ್. ಸಣ್ಣ ಸೀಬೆಕಾಯಿಯೊಂದನ್ನು ತೊಟ್ಟು ಕೆಳಗಾಗಿ ಹಿಡಿದರೆ ಅದರ ಆಕಾರ ಹೆಚ್ಚು ಕಡಿಮೆ ಮನಸ್ಸಿಗೆ ಬರುತ್ತದೆ. ಮೇಲಿನ ಎರಡು ಮೂಲೆಗಳಿಂದ ಎರಡು ಅಂಡನಾಳಗಳು ಹೊರಡುತ್ತವೆ. ಒಂದೊಂದೂ ಸುಮಾರು ೧೦ ಸೆಂಟಿಮೀಟರ್ ಉದ್ದ. ಗರ್ಭಕೋಶವನ್ನು ಸೇರುವ ಕಡೆ ನಾಳದ ಒಳದಾರಿ ಸೂಜಿ ತೂರುವಷ್ಟು ಕಿರಿದು. ಅಂಡಾಶಯದ ಬಳಿಯ ತುದಿ ಮಾತ್ರ ಸೆರಗಿನ ಕುಚ್ಚಿನಂತೆ ಬಿಚ್ಚಿಕೊಂಡಿರುತ್ತದೆ.

ಪ್ರತಿ ತಿಂಗಳೂ ಅಂಡಾಶಯದಿಂದ ಹೊರಬೀಳುವ ಅಂಡವನ್ನು ಈ ಕುಚ್ಚು ಹಿಡಿದುಕೊಳ್ಳುತ್ತದೆ. ಅಂಡವೂ ವೀರ್ಯಾಣುವೂ ಕೂಡುವುದು ನಾಳದಲ್ಲಿಯೇ ಹೊರತು ಗರ್ಭಕೋಶದಲ್ಲಲ್ಲ. ಹಾಗೆ ಕೂಡಿ ಆದ ಭ್ರೂಣವನ್ನು ನಾಳದ ಒಳಗಿರುವ ಅತಿ ಸಣ್ಣ ರೋಮಗಳು ಮೆಲ್ಲಮೆಲ್ಲನೆ ಮುಂದಕ್ಕೆ ಸಾಗಿಸುತ್ತವೆ. ಗರ್ಭಕೋಶವನ್ನು ತಲಪಲು ಅದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ.

ಅಲ್ಲಿ ಅದು ಬೇರೂರುವುದು ಗರ್ಭಕೋಶದ ಒಳಪೊರೆಯಲ್ಲಿ. ಈ ಒಳಪೊರೆಗೆ ಎರಡು ಪದರಗಳುಂಟು. ಮೇಲಿನ ಪದರ ತಿಂಗಳಿಗೊಮ್ಮೆ ಬೆಳೆದು, ಬಸಿರು ನಿಲ್ಲದಿದ್ದರೆ ಮುಟ್ಟಿನ ರಕ್ತದೊಡನೆ ಕಳಚಿ ಹೋಗುತ್ತದೆ. ಕೆಳಗಿನ ಪದರ ಉಳಿದುಕೊಂಡು ಮೇಲಿನದನ್ನು ಮತ್ತೆ ಬೆಳೆಸುತ್ತದೆ. ಗರಿಕೆಯನ್ನು ಮೇಲೆ ಕೊಯ್ದರೂ ಬೇರಿನಿಂದ ಮತ್ತೆ ಚಿಗುರುವುದಿಲ್ಲವೇ? ಹಾಗೆಯೇ ಇದು. ಬೇರೇ ಸತ್ತರೆ ಚಿಗುರಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಬರುವ ಎಲ್ಲ ವಿಷಯಕ್ಕೂ ಇದೇ ಆಧಾರ.

ಕ್ಷಯ ಅಲ್ಲಿಗೆ ಹೋಗುವ ಬಗೆ

ಇದು ಹೊಸ ರೋಗವಲ್ಲ. ೧೭೪೪ರಲ್ಲಿ ಇಟಲಿಯ ವೈದ್ಯ ಮೋರ್ಗಾಗ್ನಿಯು ಕ್ಷಯದಿಂದ ತೀರಿಕೊಂಡ ಇಪ್ಪತ್ತು ವರ್ಷದ ಹೆಂಗಸೊಬ್ಬಳ ಶವಪರೀಕ್ಷೆ ಮಾಡಿದಾಗ ಅವಳ ಗರ್ಭಕೋಶವೂ ನಾಳಗಳೂ ಗಿಣ್ಣಿನಂತಹ ವಸ್ತುವಿನಿಂದ ತುಂಬಿದ್ದುದನ್ನು ಕಂಡನು. ಕಾರಣವೇನೆಂಬುದು ಅವನಿಗೆ ತಿಳಿಯುವಂತಿರಲಿಲ್ಲ. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎಂಬ ವಿಜ್ಞಾನಿಯು ಕ್ಷಯದ ರೋಗಾಣುವನ್ನು ಕಂಡುಹಿಡಿದುದನ್ನು ಲೋಕಕ್ಕೆ ತಿಳಿಸಿದ ಮೇಲೆ, ಶ್ವಾಸಕೋಶದ ಕ್ಷಯಕ್ಕೂ ಗರ್ಭಕೋಶದ ಕ್ಷಯಕ್ಕೂ ಕಾರಣ ಒಂದೇ ಎಂಬುದು ಸ್ಪಷ್ಟವಾಯಿತು.

ರೋಗಾಣು ಗರ್ಭಕೋಶಕ್ಕೆ ನೇರವಾಗಿ ಹೋಗುವುದು ಬಹು ಅಪರೂಪ. ಸಾಮಾನ್ಯವಾಗಿ ಅದು ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುತ್ತದೆ. ಇದು ಚಿಕ್ಕಂದಿನಲ್ಲಿಯೇ ಆಗಿರಬಹುದು. ಯಾರಿಗೂ ತಿಳಿಯದೆ, ನಾಲ್ಕು ದಿನದ ಜ್ವರವೆಂಬಂತೆ ಬಂದು ಹೋಗಿರಬಹುದು. ಅಲ್ಲಿಂದ ರೋಗಾಣುಗಳು ರಕ್ತದಲ್ಲಿ ಸೇರಿ ದೇಹದ ಬೇರೆ ಬೇರೆ ಕಡೆಗೆ ಹೋಗಿ ನೆಲೆಸುತ್ತವೆ. ಅಂಡನಾಳಗಳಿಗೆ ರಕ್ತದ ಸರಬರಾಜು ಚೆನ್ನಾಗಿರುವುದರಿಂದ ಅವು ರೋಗಾಣುವಿಗೆ ಅನುಕೂಲವಾದ ಸ್ಥಳ. ಅಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ದೇಹದ ಶಕ್ತಿ ಕುಂದಿದಾಗ ಎಚ್ಚೆತ್ತುಕೊಳ್ಳುತ್ತದೆ. ಆದುದರಿಂದಲೇ ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ಹೆಂಗಸರಲ್ಲಿ, ಎಂದರೆ ಮಕ್ಕಳಾಗಬೇಕಾದ ವಯಸ್ಸಿನಲ್ಲಿಯೇ.

ಸ್ತ್ರೀಯರ ಜನನಾಂಗಗಳ ಕ್ಷಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನಾಳಗಳು ರೋಗಕ್ಕೆ ಒಳಗಾಗಿರುತ್ತವೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗರ್ಭಕೋಶದ ಒಳಪೊರೆಯೂ ಕೆಡುತ್ತದೆ. ಪಶ್ಚಿಮ ದೇಶಗಳಲ್ಲಿ ಈ ರೋಗ ಈಗ ವಿರಳ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಇರುವುದು ಭಾರತದಲ್ಲಿ. ಆದುದರಿಂದ ನಮ್ಮ ದೇಶದ ವೈದ್ಯರು ಬಂಜೆತನದ ಕಾರಣಗಳನ್ನು ಹುಡುಕುವಾಗ ಇದನ್ನು ಮರೆಯುವಂತಿಲ್ಲ.

ಬಂಜೆತನ ಉಂಟಾಗುವುದು ಹೇಗೆ?

ಕ್ಷಯದ ರೋಗಾಣು ನೆಲೆಸಿದ ಕಡೆ ದೇಹವು ಅದನ್ನು ಸುತ್ತುಗಟ್ಟಲು ಸಣ್ಣ ಸಣ್ಣ ಗಂಟುಗಳನ್ನು ಕಟ್ಟುತ್ತದೆ. ಗಂಟು ವಾಸಿಯಾದರೂ ಕಲೆ ಉಳಿಯುತ್ತದೆ. ಚರ್ಮದ ಮೇಲಿನ ಕಲೆಯಿಂದ ತೊಂದರೆಯಿಲ್ಲ. ಸೂಜಿ ತೂರುವಷ್ಟು ಕಿರಿದಾದ ನಾಳದಲ್ಲಿ ಕಲೆ ಉಳಿದರೆ ದಾರಿಯೇ ಮುಚ್ಚಿಹೋಗುತ್ತದೆ. ಅಂಡ ಒಂದು ಕಡೆ, ವೀರ್ಯಾಣು ಇನ್ನೊಂದು ಕಡೆ ಉಳಿಯುತ್ತವೆ. ಇದು ಮೊದಲನೆಯ ಕೇಡು.

ಕೆಲವೊಮ್ಮೆ ದಾರಿ ಪೂರ್ತಿ ಮುಚ್ಚದೆ ಅರೆಬರೆಯಾಗಿ ಉಳಿಯುತ್ತದೆ, ಒಳಗಿನ ರೋಮಗಳು ಮಾತ್ರ ನಾಶವಾಗಿರುತ್ತವೆ. ಆಗ ಭ್ರೂಣ ಮುಂದೆ ಸಾಗಲಾರದೆ ನಾಳದಲ್ಲಿಯೇ ನಿಂತು ಬೆಳೆಯತೊಡಗಬಹುದು. ಇದು ಎರಡನೆಯ ಕೇಡು, ಪ್ರಾಣಕ್ಕೇ ಅಪಾಯ. ಬೆಳೆದಂತೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಮುಟ್ಟು ನಿಂತ ಹೆಂಗಸಿಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆ ಸುತ್ತು ಬಂದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯ ಕೇಡು ಗರ್ಭಕೋಶದ ಒಳಪೊರೆಗೆ ಆಗುವಂಥದು. ಒಳಪೊರೆಯ ಮೇಲಿನ ಪದರ ತಿಂಗಳು ತಿಂಗಳೂ ಕಳಚುವುದರಿಂದ ಅದರೊಡನೆ ರೋಗಾಣುಗಳೂ ಸ್ವಲ್ಪ ಮಟ್ಟಿಗೆ ಹೊರಗೆ ಹೋಗುತ್ತವೆ. ಆದರೆ ಮೇಲಿನ ನಾಳಗಳಿಂದ ಅವು ಮತ್ತೆ ಮತ್ತೆ ಇಳಿದು ಬರುತ್ತವೆ. ಕೊನೆಗೆ ಕೆಳಗಿನ ಪದರಕ್ಕೂ ರೋಗ ತಗಲಿದರೆ ಪೊರೆ ಬೆಳೆಯುವುದಿಲ್ಲ. ಮುಟ್ಟು ಕಡಿಮೆಯಾಗುತ್ತದೆ, ಅನಂತರ ನಿಂತೂ ಹೋಗಬಹುದು. ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ನಾಳದ ಕೆಡುಕಿಗೆ ಬೇರೆ ದಾರಿಗಳಿವೆ. ಒಳಪೊರೆ ಪೂರ್ತಿ ನಾಶವಾದರೆ ಅದನ್ನು ಮತ್ತೆ ತರುವ ಔಷಧವಿಲ್ಲ. ಹೊತ್ತು ಕಳೆಯಬಾರದೆಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಲಕ್ಷಣಗಳು

ಈ ರೋಗದ ದೊಡ್ಡ ಮೋಸವೆಂದರೆ ಅದು ಬಹುಪಾಲು ಸದ್ದು ಮಾಡದೆ ಇರುವುದು. ಕೆಮ್ಮಿಲ್ಲ, ಎದೆಯ ಎಕ್ಸ್-ರೇ ತೆಗೆಸಿದರೂ ಅನೇಕ ವೇಳೆ ಏನೂ ಕಾಣುವುದಿಲ್ಲ. ಎಷ್ಟೋ ಹೆಂಗಸರಿಗೆ ಮಕ್ಕಳಾಗದಿರುವುದೊಂದೇ ಲಕ್ಷಣ. ಉಳಿದವರಲ್ಲಿ ಮುಟ್ಟು ಕಡಿಮೆಯಾಗುವುದು ಅಥವಾ ಏರುಪೇರಾಗುವುದು, ಕಿಬ್ಬೊಟ್ಟೆಯಲ್ಲಿ ಬಹುದಿನದ ನೋವು, ಬಿಳಿಸೆರಗು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು, ಊಟ ಸೇರದಿರುವುದು ಇವುಗಳಲ್ಲಿ ಯಾವುದಾದರೂ ಇರಬಹುದು.

ನಾನು ಮೇಲೆ ಹೇಳಿದ ಚೀಟಿ ನನ್ನ ದೊಡ್ಡಮ್ಮನ ಮಗಳದು. ಅವಳ ಮದುವೆಯಾಗಿ ಆಗ ಆರು ವರ್ಷ. ಮುಟ್ಟು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು ಒಂದು ದಿನಕ್ಕೆ ಇಳಿದಿತ್ತು. "ಕಡಿಮೆಯಾದರೆ ಒಳ್ಳೆಯದೇ ಬಿಡು, ಸೊಂಟ ನೋವು ತಪ್ಪಿತು" ಎಂದು ಹಿರಿಯ ಹೆಂಗಸರು ಸಮಾಧಾನ ಹೇಳುತ್ತಿದ್ದರು. ಅವಳು ಆಸ್ಪತ್ರೆಗೆ ಹೋಗಲಿಲ್ಲವೆಂದಲ್ಲ. ಪಟ್ಟಣದ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಎರಡು ವರ್ಷ ಎಡತಾಕಿದ್ದಳು. ಅಲ್ಲಿ ಶಕ್ತಿಯ ಮಾತ್ರೆಗಳನ್ನೂ ಅಂಡ ಬಲಿಯುವ ಮಾತ್ರೆಗಳನ್ನೂ ಬರೆದುಕೊಡುತ್ತಿದ್ದರೇ ಹೊರತು ಹಿಂದಿನ ಕಾಯಿಲೆಯ ವಿಚಾರವನ್ನು ಯಾರೂ ಕೇಳಿರಲಿಲ್ಲ. ಭಾವನವರ ಪರೀಕ್ಷೆಯಂತೂ ಆಗಿರಲೇ ಇಲ್ಲ. ಮನೆಯಲ್ಲಿ ಅತ್ತೆಯವರು ಎರಡನೆಯ ಸಂಬಂಧದ ಮಾತು ತೆಗೆದಿದ್ದರು.

ಕೊನೆಗೆ ಅವಳನ್ನು ಕರೆದುಕೊಂಡು ಸರಕಾರಿ ಆಸ್ಪತ್ರೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಅಲ್ಲಿನ ವೈದ್ಯೆ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು, "ಚಿಕ್ಕಂದಿನಲ್ಲಿ ಕತ್ತಿನಲ್ಲಿ ಗಂಟು ಎದ್ದಿತ್ತೇನಮ್ಮಾ? ಮನೆಯಲ್ಲಿ ಯಾರಾದರೂ ಬಹಳ ದಿನ ಕೆಮ್ಮಿ ಔಷಧ ತಿಂದಿದ್ದರೇ?" ಎಂದು ಕೇಳಿದರು. ಅಕ್ಕನಿಗೆ ಹತ್ತನೆಯ ವಯಸ್ಸಿನಲ್ಲಿ ಗಂಡಮಾಲೆ ಆಗಿತ್ತು. ಸೊಪ್ಪಿನ ಪಟ್ಟು ಹಾಕಿ ವಾಸಿಮಾಡಿದ್ದೆವೆಂದು ನಮ್ಮವರು ತಿಳಿದಿದ್ದರು. ಕತ್ತಿನ ಗಂಡಮಾಲೆ ಎಷ್ಟೋ ವೇಳೆ ಕ್ಷಯವೇ ಎಂಬುದು ನಮಗೆ ಅಂದು ತಿಳಿಯಿತು. ಎರಡು ವರ್ಷದ ಮಾತ್ರೆಗಳಿಂದ ಆಗದ ಕೆಲಸ ಎರಡು ಪ್ರಶ್ನೆಗಳಿಂದ ಪ್ರಾರಂಭವಾಯಿತು.

ಪರೀಕ್ಷೆಗಳು

ಗರ್ಭಕೋಶದ ಕ್ಷಯವನ್ನು ಒಂದೇ ಪರೀಕ್ಷೆಯಿಂದ ನಿರ್ಧರಿಸುವುದು ಕಷ್ಟ. ಮುಖ್ಯವಾದುದು ಒಳಪೊರೆಯ ಒಂದು ಸಣ್ಣ ಚೂರನ್ನು ತೆಗೆದು ಪರೀಕ್ಷಿಸುವುದು; ಇದಕ್ಕೆ ಬಯಾಪ್ಸಿ ಎಂದು ಹೆಸರು. ಇದನ್ನು ಮುಟ್ಟು ಬರುವುದಕ್ಕೆ ಸ್ವಲ್ಪ ಮುಂಚೆ ಮಾಡುತ್ತಾರೆ. ಪೊರೆ ಬೆಳೆಯತೊಡಗಿದ ಮೇಲೆ ಕ್ಷಯದ ಗಂಟುಗಳು ಕಟ್ಟಲು ಕೆಲವು ವಾರ ಬೇಕು. ಮುಟ್ಟಾದೊಡನೆ ಅವು ಕಳಚಿ ಹೋಗುತ್ತವೆ. ಕೊಯ್ಲಿಗೆ ಬಂದಾಗ ತಾನೆ ತೆನೆಯನ್ನು ನೋಡುವುದು? ವೈದ್ಯರು ಹೇಳಿದ ದಿನವೇ ಹೋಗಬೇಕಾದುದು ಇದಕ್ಕಾಗಿ.

ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗಾಣು ಬೆಳೆಯುವುದೇ ಎಂದು ಕೃಷಿಮಾಡಿ ನೋಡುತ್ತಾರೆ. ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಇದಕ್ಕೆ ಕೆಲವು ವಾರಗಳೇ ಬೇಕಾಗಬಹುದು. ಸಿಬಿನಾಟ್ ಎಂಬ ಯಂತ್ರ ಸುಮಾರು ಎರಡು ಗಂಟೆಗಳಲ್ಲಿ ರೋಗಾಣುವಿನ ಗುರುತನ್ನೂ, ರಿಫಾಂಪಿಸಿನ್ ಎಂಬ ಔಷಧಕ್ಕೆ ಅದು ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸಬಲ್ಲುದು. ಆದರೆ ಗರ್ಭಕೋಶದ ಚೂರಿನಲ್ಲಿ ರೋಗಾಣುಗಳು ಬಹಳ ಕಡಿಮೆಯಿರುವುದರಿಂದ ಯಂತ್ರ 'ಇಲ್ಲ' ಎಂದರೂ ರೋಗವಿರಬಹುದು. ಅಗತ್ಯ ಬಿದ್ದಾಗ ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪ್ ಎಂಬ ದುರ್ಬೀನನ್ನು ಇಳಿಸಿ ನಾಳಗಳನ್ನು ಕಣ್ಣಾರೆ ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರಕ್ತದಲ್ಲಿ ಪ್ರತಿಕಾಯಗಳನ್ನು ನೋಡಿ ಕ್ಷಯವೆಂದು ಹೇಳುವ ಪರೀಕ್ಷೆಗಳು ನಂಬತಕ್ಕವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೧ರಲ್ಲಿ ಸಾರಿತು. ಭಾರತ ಸರಕಾರ ೨೦೧೨ರಲ್ಲಿ ಅವುಗಳನ್ನು ನಿಷೇಧಿಸಿತು. ರೋಗವಿದ್ದೂ ಔಷಧ ಕೊಡದಿರುವುದು ಎಷ್ಟು ತಪ್ಪೋ, ರೋಗವಿಲ್ಲದೆ ಆರು ತಿಂಗಳು ಔಷಧ ನುಂಗಿಸುವುದೂ ಅಷ್ಟೇ ತಪ್ಪು.

ಇನ್ನೊಂದು ಮಾತು. ಮಕ್ಕಳಾಗದಿರುವುದಕ್ಕೆ ಗಂಡಸಿನಲ್ಲಿಯೂ ಕಾರಣವಿರುವುದು ಬಹು ಸಾಮಾನ್ಯ. ಅವನ ವೀರ್ಯಪರೀಕ್ಷೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗ್ಗ, ನೋವಿಲ್ಲದ್ದು. ಆದರೂ ಅದು ಎಲ್ಲಕ್ಕಿಂತ ಕೊನೆಗೆ ಆಗುವುದು ನಮ್ಮ ಸಮಾಜದ ವಿಚಿತ್ರ. ಹೆಂಗಸಿನ ಹೊಟ್ಟೆಗೆ ದುರ್ಬೀನು ಇಳಿಸುವ ಮುನ್ನ ಗಂಡನ ಪರೀಕ್ಷೆ ಆಗಿರಬೇಕಾದುದು ನ್ಯಾಯ.

ಚಿಕಿತ್ಸೆ

ಒಂದು ಕಾಲದಲ್ಲಿ ಕ್ಷಯಕ್ಕೆ ಔಷಧವೇ ಇರಲಿಲ್ಲ. ಅರಮನೆಯವರನ್ನೂ ಅದು ಬಿಡಲಿಲ್ಲ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ, ಆ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಇಟ್ಟಿರುವುದೇ ಅದಕ್ಕೆ ಸಾಕ್ಷಿ. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ೧೯೫೨ರಲ್ಲಿ ಐಸೊನಿಯಾಜಿಡ್ ಬಳಕೆಗೆ ಬಂದಿತು. ೧೯೫೬ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಸಂಶೋಧನೆಯೊಂದು, ಬಡ ರೋಗಿಗಳು ಆರೋಗ್ಯಧಾಮದಲ್ಲಿ ಮಲಗದೆ ತಮ್ಮ ತಮ್ಮ ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡರೂ ಗುಣವಾಗುತ್ತಾರೆಂಬುದನ್ನು ತೋರಿಸಿಕೊಟ್ಟಿತು. ಇಂದು ಜಗತ್ತೆಲ್ಲ ನಡೆಯುತ್ತಿರುವ ಮನೆಚಿಕಿತ್ಸೆಗೆ ನಮ್ಮ ನೆರೆಯ ಆ ನಗರವೇ ದಾರಿ ತೋರಿತೆಂದರೆ ಅತಿಶಯೋಕ್ತಿಯಾಗಲಾರದು.

ಈಗ ಗರ್ಭಕೋಶದ ಕ್ಷಯಕ್ಕೂ ಶ್ವಾಸಕೋಶದ ಕ್ಷಯಕ್ಕೆ ಕೊಡುವ ಔಷಧಗಳೇ. ಮೊದಲ ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬ್ಯುಟಾಲ್ ಎಂಬ ನಾಲ್ಕು. ಅನಂತರದ ನಾಲ್ಕು ತಿಂಗಳು ಪೈರಜಿನಮೈಡನ್ನು ಬಿಟ್ಟು ಉಳಿದ ಮೂರು. ಒಟ್ಟು ಆರು ತಿಂಗಳು, ದಿನವೂ ತಪ್ಪದೆ. ಔಷಧಕ್ಕೆ ಬಗ್ಗದ ರೋಗಾಣುವಾದರೆ ಬೇರೆ ಔಷಧಗಳನ್ನು ಕೊಡುತ್ತಾರೆ. ರಿಫಾಂಪಿಸಿನ್ನಿನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಒಡನೆಯೇ ವೈದ್ಯರಿಗೆ ತಿಳಿಸಬೇಕು.

ಈ ಔಷಧಗಳನ್ನು ಸರಕಾರ ಉಚಿತವಾಗಿ ಕೊಡುತ್ತದೆ. ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮ ಎಂಬುದು ಇದರ ಹೆಸರು. ಪೌಷ್ಟಿಕ ಆಹಾರಕ್ಕೆಂದು ೨೦೧೮ರಿಂದ ರೋಗಿಗೆ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದರು; ೨೦೨೪ರ ನವೆಂಬರಿನಿಂದ ಅದನ್ನು ೧೦೦೦ ರೂಪಾಯಿಗೆ ಏರಿಸಲಾಗಿದೆ. ಗರ್ಭಕೋಶದ ಕ್ಷಯವಿರುವವರಿಗೂ ಇದು ಸಲ್ಲುತ್ತದೆ.

ಕಷ್ಟವೆಲ್ಲ ನಡುವೆ ನಿಲ್ಲಿಸುವುದರಲ್ಲಿದೆ. ಎರಡು ತಿಂಗಳಿಗೆ ಹಸಿವು ಹುಟ್ಟುತ್ತದೆ, ಮೈ ತುಂಬಿಕೊಳ್ಳುತ್ತದೆ. ಗುಣವಾಯಿತೆಂದು ಮಾತ್ರೆ ಬಿಡುವವರುಂಟು. ಅರ್ಧ ಸತ್ತ ರೋಗಾಣು ಮತ್ತೆ ಎದ್ದಾಗ ಮೊದಲಿನ ಔಷಧಕ್ಕೆ ಬಗ್ಗದಿರಬಹುದು. ಇನ್ನು ಕೆಲವರು ನೆರೆಹೊರೆಯವರಿಗೆ ತಿಳಿದೀತೆಂದು ಔಷಧ ತರಲು ಹೋಗುವುದೇ ಇಲ್ಲ. ಇಲ್ಲಿ ತಿಳಿಯಬೇಕಾದ ಸಂಗತಿಯೊಂದಿದೆ. ಶ್ವಾಸಕೋಶದಲ್ಲಿ ರೋಗವಿಲ್ಲದೆ ಗರ್ಭಕೋಶದಲ್ಲಿ ಮಾತ್ರ ಕ್ಷಯವಿರುವ ಹೆಂಗಸಿನಿಂದ ಮನೆಯವರಿಗೆ ರೋಗ ಹರಡುವುದಿಲ್ಲ. ಅವಳ ತಟ್ಟೆ, ಲೋಟ, ಚಾಪೆಗಳನ್ನು ಬೇರೆ ಇಡಬೇಕಾಗಿಲ್ಲ. ಅಡಿಗೆಮನೆಯಿಂದ ಅವಳನ್ನು ದೂರವಿಡುವುದು ಅಜ್ಞಾನವಲ್ಲದೆ ಬೇರೇನೂ ಅಲ್ಲ.

ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ರೋಗ ಹೋಗುತ್ತದೆಂಬ ಮಾತೂ ಕೇಳಿಬರುತ್ತದೆ. ಔಷಧದಿಂದ ಗುಣವಾಗುವ ಈ ರೋಗಕ್ಕೆ ಅಂತಹ ಶಸ್ತ್ರಚಿಕಿತ್ಸೆ ಬೇಕಾಗುವುದು ಬಹು ವಿರಳ. ಮಗು ಬೇಕೆನ್ನುವವಳು ಇಂಥ ಸಲಹೆ ಬಂದಾಗ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬಾರದು.

ಚಿಕಿತ್ಸೆಯ ಬಳಿಕ

ಔಷಧ ರೋಗಾಣುವನ್ನು ಕೊಲ್ಲುತ್ತದೆ. ಆಗಿಹೋದ ಕಲೆಯನ್ನು ಅಳಿಸಲಾರದು. ಆದುದರಿಂದ ಮಗುವಾಗುವುದೋ ಇಲ್ಲವೋ ಎಂಬುದು ರೋಗ ಎಷ್ಟು ಬೇಗ ಸಿಕ್ಕಿತೆಂಬುದರ ಮೇಲೆ ನಿಂತಿದೆ. ನಾಳಗಳು ತೆರೆದಿದ್ದು ಒಳಪೊರೆ ಚೆನ್ನಾಗಿದ್ದರೆ ತಾನಾಗಿಯೇ ಬಸಿರು ನಿಲ್ಲಬಹುದು. ಹಾಗೆ ನಿಂತಾಗ ಮೊದಲ ವಾರಗಳಲ್ಲಿಯೇ ಸ್ಕ್ಯಾನ್ ಮಾಡಿಸಿ ಅದು ಗರ್ಭಕೋಶದಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು.

ನಾಳಗಳು ಮುಚ್ಚಿ ಒಳಪೊರೆ ಮಾತ್ರ ಉಳಿದಿದ್ದರೆ ಪ್ರನಾಳ ಶಿಶುವಿನ ದಾರಿಯುಂಟು. ಈ ವಿಧಾನ ಹುಟ್ಟಿದುದೇ ನಾಳ ಮುಚ್ಚಿದ ತಾಯಂದಿರಿಗಾಗಿ. ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿ ಬ್ರೌನಳ ತಾಯಿಯ ನಾಳಗಳು ಮುಚ್ಚಿದ್ದವು. ಅದೇ ವರ್ಷದ ಅಕ್ಟೋಬರ್ ೩ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಶ್ರಮದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಆದರೆ ಇದಕ್ಕೆ ಲಕ್ಷಗಟ್ಟಲೆ ಹಣ ಬೇಕು. ಒಂದೇ ಸಲಕ್ಕೆ ಫಲಿಸುವುದೆಂಬ ಭರವಸೆಯೂ ಇಲ್ಲ. ಆರು ತಿಂಗಳ ಉಚಿತ ಔಷಧವನ್ನು ಸಕಾಲದಲ್ಲಿ ತೆಗೆದುಕೊಂಡಿದ್ದರೆ ತಪ್ಪುತ್ತಿದ್ದ ಖರ್ಚು ಇದು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ ನನಗೆ ಎದ್ದು ಕಾಣುತ್ತದೆ.

ಗರ್ಭಕೋಶದ ಗೋಡೆಗಳು ಸ್ವಲ್ಪ ಮಟ್ಟಿಗೆ ಅಂಟಿಕೊಂಡಿದ್ದರೆ ದುರ್ಬೀನಿನ ಸಹಾಯದಿಂದ ಬಿಡಿಸುತ್ತಾರೆ. ಒಳಪೊರೆ ಪೂರ್ತಿ ನಾಶವಾಗಿದ್ದರೆ ಪ್ರನಾಳ ಶಿಶುವಿನ ವಿಧಾನದಿಂದಲೂ ಅವಳ ಒಡಲಲ್ಲಿ ಮಗು ಬೆಳೆಯುವ ಆಸೆಯಿಲ್ಲ. ಆಗ ಉಳಿಯುವ ಒಳ್ಳೆಯ ದಾರಿ ದತ್ತು. ಇದನ್ನು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಬೇಕು. ಸುಳ್ಳು ಆಸೆಗೆ ಹೊಲ ಮಾರಿದವರಿದ್ದಾರೆ. ಹಾಗೆಯೇ ೧೯೫೫ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಹೆಂಡತಿಯಿರುವಾಗ ಮಾಡಿಕೊಳ್ಳುವ ಇನ್ನೊಂದು ಮದುವೆ ಮದುವೆಯೇ ಅಲ್ಲ. ಮಕ್ಕಳಿಲ್ಲವೆಂಬುದು ಅದಕ್ಕೆ ನೆಪವ���ಗದು ಎಂಬುದನ್ನೂ ಮನೆಯ ಹಿರಿಯರು ತಿಳಿದಿರತಕ್ಕದ್ದು.

ನನ್ನ ಅಕ್ಕ ಆರು ತಿಂಗಳ ಔಷಧವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದಳು. ಊರಿನ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ವಿಚಾರಿಸುತ್ತಿದ್ದರು. ಈಗ ರೋಗ ಗುಣವಾಗಿದೆ. ಒಂದು ನಾಳ ಮುಚ್ಚಿದೆ, ಇನ್ನೊಂದು ತೆರೆದಿದೆ. ಮುಟ್ಟು ಮೂರು ದಿನಕ್ಕೆ ಬಂದಿದೆ. ಮಗುವಾಗುವುದೆಂದೂ ಆಗದೆಂದೂ ವೈದ್ಯೆ ಹೇಳಿಲ್ಲ. "ಆಗಲಿ ಬಿಡಲಿ, ಇದು ಶಾಪ ಅಲ್ಲ ಕಾಯಿಲೆ ಅಂತ ಗೊತ್ತಾಯಿತಲ್ಲ ತಂಗಿ. ಇದನ್ನ ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ!" ಎಂದಳು ಅಕ್ಕ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಕರ್ತವ್ಯ

ಹಳ್ಳಿಯ ಜನ ಮೂಢರು, ಆಸ್ಪತ್ರೆಗೆ ಬರುವುದಿಲ್ಲ ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ ೧೯೬೩ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಆ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿ ಬಂದಿದ್ದರು. ರೋಗವನ್ನು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದವರು ಆಸ್ಪತ್ರೆಯವರು. ಸಮಾಜಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಈ ಪಾಠವನ್ನು ಮರೆಯಬಾರದು. ಮಕ್ಕಳಿಲ್ಲದ ಹೆಂಗಸರ ವಿಷಯದಲ್ಲಿಯೂ ಇದೇ ನಿಜ. ಅವರು ದೇವಸ್ಥಾನಕ್ಕೂ ಹೋಗುತ್ತಾರೆ, ಆಸ್ಪತ್ರೆಗೂ ಹೋಗುತ್ತಾರೆ. ಅವರನ್ನು ಸರಿಯಾದ ಪ್ರಶ್ನೆ ಕೇಳುವವರು ಬೇಕು.

ಆ ಪ್ರಶ್ನೆಗಳನ್ನು ಕೇಳಲು ವೈದ್ಯಕೀಯ ಪದವಿಯೇ ಬೇಕೆಂದಿಲ್ಲ. ಮದುವೆಯಾಗಿ ಒಂದು ವರ್ಷ ಕೂಡಿ ಬಾಳಿದರೂ ಬಸಿರು ನಿಲ್ಲದ ಅಕ್ಕನೋ ಅತ್ತಿಗೆಯೋ ನಿಮ್ಮ ಮನೆಯಲ್ಲಿದ್ದರೆ ಮೂರು ಮಾತು ಕೇಳಿ. ನಿನಗೆ ಎಂದಾದರೂ ಕ್ಷಯವಾಗಲಿ ಗಂಡಮಾಲೆಯಾಗಲಿ ಆಗಿತ್ತೇ? ನೀನಿದ್ದ ಮನೆಯಲ್ಲಿ ಯಾರಿಗಾದರೂ ಆಗಿತ್ತೇ? ನಿನ್ನ ಮುಟ್ಟು ಮೊದಲಿಗಿಂತ ಕಡಿಮೆಯಾಗಿದೆಯೇ? ಒಂದಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ, ಅದನ್ನು ವೈದ್ಯರ ಮುಂದೆ ತಪ್ಪದೆ ಹೇಳುವಂತೆ ತಿಳಿಸಿ. ಸಾಧ್ಯವಾದರೆ ಜೊತೆಯಲ್ಲಿ ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ.

ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಮನೆಗೊಬ್ಬರಂತೆ ಓದಲು ಬಂದವರ ಮೇಲೆ ಮನೆಯವರೆಲ್ಲರ ಋಣವಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದರಿಂದ ಮಾತ್ರ ಆ ಋಣ ತೀರುವುದಿಲ್ಲ. ಬೇಸಗೆಯ ರಜಕ್ಕೆ ಊರಿಗೆ ಹೋದಾಗ ಈ ಮೂರು ಪ್ರಶ್ನೆಗಳನ್ನೂ ಜೊತೆಯಲ್ಲಿ ಕೊಂಡೊಯ್ಯಿರೆಂದು ನನ್ನ ಸಹಪಾಠಿಗಳಲ್ಲಿ ಪ್ರಾರ್ಥನೆ.